ಕೈಯಲ್ಲಿಲ್ಲದುದರ ವಿಕ್ರಯ

ಮಾರುವವನ ಬಳಿ ವಸ್ತುವಿರಬೇಕು, ಕೊಳ್ಳುವವನ ಬಳಿ ಹಣವಿರಬೇಕು, ಇವೆರಡೂ ಕೂಡಿದಲ್ಲಿ ವ್ಯಾಪಾರವೆಂಬುದು ನಡೆಯುವುದೆಂದು ನಾವು ಅರುವತ್ತು ವರ್ಷ ತಿಳಿದುಕೊಂಡಿದ್ದೆವು. ನಮ್ಮ ಪಾಠ ಸಂಸ್ಕೃತದ್ದಾದರೂ, ಚಿಕ್ಕ ಊರಿನ ಶಾಲೆಗಳಲ್ಲಿ ಉಪಾಧ್ಯಾಯನಾದವನು ಲೆಕ್ಕವನ್ನೂ ಹೇಳಿಕೊಡಬೇಕಾಗುತ್ತಿದ್ದಿತು. 'ಒಬ್ಬ ವರ್ತಕನು ನೂರು ತೆಂಗಿನಕಾಯಿಗಳನ್ನು ಕೊಂಡು ಮಾರಿದನು' ಎಂದೇ ನಾವು ಲೆಕ್ಕಗಳನ್ನು ಬರೆಯಿಸಿದೆವಲ್ಲದೆ, 'ಮಾರಿ, ಆಮೇಲೆ ಕೊಂಡನು' ಎಂದು ಒಮ್ಮೆಯೂ ಬರೆಯಿಸಿದ್ದಿಲ್ಲ. ಹಾಗೆ ಯಾವನಾದರೂ ಹುಡುಗನು ಬರೆದಿದ್ದರೆ ಕೆಂಪು ಶಾಯಿಯಿಂದ ಗೀಟು ಹಾಕುತ್ತಿದ್ದೆವು. ಈಗ ಆ ಗೀಟನ್ನು ಅಳಿಸಬೇಕಾದ ಕಾಲ ಬಂದಿರುವುದು.

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಸೋದರಳಿಯನು ಬೆಂಗಳೂರಿನಿಂದ ಬಂದನು. ಅವನಿಗೆ ಇಪ್ಪತ್ತೇಳು ವರ್ಷ. ಅಲ್ಲಿ ಒಂದು ಕಂಪೆನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಬಂದವನು ಕಾಫಿಯನ್ನು ಸಹ ಮುಟ್ಟದೆ, ಚೀಲದಿಂದ ಒಂದು ಕಾಗದದ ಕಟ್ಟನ್ನು ತೆಗೆದು ನಮ್ಮ ಮುಂದಿಟ್ಟು, "ಮಾವ, ನೀವು ಒಂದು ದೂರಿನ ಪತ್ರ ಬರೆದುಕೊಡಬೇಕು. ನಿಮ್ಮ ಕನ್ನಡದಲ್ಲಿ ಬರೆದರೆ ಅವರು ಹೆದರುತ್ತಾರೆ" ಎಂದನು. ನಮ್ಮ ಕನ್ನಡಕ್ಕೆ ಮೂವತ್ತೈದು ವರ್ಷ ಹುಡುಗರು ಹೆದರಿದ್ದುಂಟು. ಕಂಪೆನಿಗಳು ಹೆದರಿದ್ದನ್ನು ನಾವು ಕಾಣೆವು. ಯಾರ ಮೇಲೆ ದೂರು, ಏತಕ್ಕೆ ದೂರು ಎಂದು ಕೇಳಲಾಗಿ, ತಾನು ಮೊಬೈಲಿನ ಮೂಲಕ ಷೇರು ವ್ಯಾಪಾರ ಮಾಡುವ ದಲ್ಲಾಳಿಯ ಮೇಲೆಂದೂ, ತಾನು ಕೊಟ್ಟ 'ಷಾರ್ಟ್ ಸೇಲ್' ಆರ್ಡರುಗಳಲ್ಲಿ ಎಂಟಕ್ಕೆ ಎಂಟೂ ನಡೆಯದೆ ಹೋದುವೆಂದೂ, ಇದರಿಂದ ತನಗೆ ಬರಬೇಕಾಗಿದ್ದ ಲಾಭವೆಲ್ಲ ತಪ್ಪಿತೆಂದೂ ಹೇಳಿದನು. ನಾವು ಒಂದು ನಿಬಂಧನೆಯನ್ನು ಹಾಕಿದೆವು: ನಮಗೆ ಅರ್ಥವಾಗದುದನ್ನು ನಾವು ಬರೆಯುವವರಲ್ಲ, ಮೊದಲು ವಿಷಯವನ್ನು ತಿಳಿಯ ಹೇಳತಕ್ಕದ್ದು, ಆಮೇಲೆ ಪತ್ರ.

ಅವನು ಹೇಳಿದುದನ್ನು ವಾಚಕರ, ಅದರಲ್ಲಿಯೂ ಮನೆಯ ಹಣದ ಲೆಕ್ಕವಿಡುವ ಸೋದರಿಯರ ಅನುಕೂಲಕ್ಕಾಗಿ, ನಮಗೆ ಪರಿಚಿತವಾದ ವಸ್ತುವಿನ ಮೇಲೆ ಇಟ್ಟು ಹೇಳುವೆವು. ತಿಪಟೂರಿನ ಪೇಟೆಯಲ್ಲಿ ಕೊಬ್ಬರಿಯು ಇಂದು ಕ್ವಿಂಟಲಿಗೆ 15,000 ರೂಪಾಯಿಗೆ ಹೋಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಇದು ಇಳಿಯುವುದೆಂದು ಒಬ್ಬನಿಗೆ ತೋರುವುದು. ಆದರೆ ಅವನ ಅಟ್ಟದಲ್ಲಿ ಒಂದು ಗಿಟುಕೂ ಇಲ್ಲ. ಅವನು ಪಕ್ಕದ ಮನೆಯವನಿಂದ ಒಂದು ಕ್ವಿಂಟಲ್ ಕೊಬ್ಬರಿಯನ್ನು ಎರವಲು ತಂದು, 15,000ಕ್ಕೆ ಮಾರಿಬಿಡುವನು. ಬೆಲೆಯು 13,000ಕ್ಕೆ ಇಳಿದಾಗ ಅಷ್ಟೇ ಕೊಬ್ಬರಿಯನ್ನು ಕೊಂಡು ಪಕ್ಕದವನಿಗೆ ಹಿಂದಿರುಗಿಸಿ, 2,000 ರೂಪಾಯಿಗಳನ್ನು ಉಳಿಸಿಕೊಳ್ಳುವನು. ಇದೇ ಷಾರ್ಟ್ ಸೇಲ್ ಎಂಬುದು. ಬೆಲೆಯು ಇಳಿಯದೆ 20,000ಕ್ಕೆ ಏರಿದರೆ? ಎರವಲು ತಂದುದನ್ನು ಕೊಡಲೇಬೇಕಷ್ಟೆ. 15,000ಕ್ಕೆ ಮಾರಿದುದನ್ನು 20,000ಕ್ಕೆ ಕೊಂಡು ಕೊಡಬೇಕು. ಇಲ್ಲಿ ಒಂದು ವಿಷಮತೆಯುಂಟು. ಬೆಲೆಯು ಇಳಿಯುವುದಕ್ಕೆ ಸೊನ್ನೆಯೆಂಬ ನೆಲವಿರುವುದು, ಏರುವುದಕ್ಕೆ ಮಾಳಿಗೆಯೆಂಬುದಿಲ್ಲ. ಕೊಂಡಿಟ್ಟವನು ಹೆಚ್ಚೆಂದರೆ ಹಾಕಿದಷ್ಟನ್ನು ಕಳೆದುಕೊಳ್ಳುವನು. ಇಲ್ಲದುದನ್ನು ಮಾರಿದವನು ಎಷ್ಟು ಕಳೆದುಕೊಂಡಾನೆಂದು ಮುಂದಾಗಿ ಹೇಳುವವರಿಲ್ಲ.

ಇದನ್ನು ಕೇಳುತ್ತಿರುವಾಗ ನಮ್ಮ ಮನಸ್ಸು ಧರ್ಮಶಾಸ್ತ್ರದ ಕಡೆಗೆ ಓಡಿತು. ಹಳೆಯ ಅಭ್ಯಾಸ, ವಾಚಕರು ಕ್ಷಮಿಸಬೇಕು. ಮನುವು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಅಸ್ವಾಮಿವಿಕ್ರಯವೆಂಬುದೂ ಒಂದು. ಒಡೆಯನಲ್ಲದವನು ಮಾಡಿದ ಮಾರಾಟವು ಮಾಡಿದ್ದೇ ಅಲ್ಲವೆಂದು ಅಲ್ಲಿಯ ಅಭಿಪ್ರಾಯ. ಕೌಟಿಲ್ಯನೂ ತನ್ನ ಅರ್ಥಶಾಸ್ತ್ರದಲ್ಲಿ ಅದನ್ನು ವಿಚಾರಿಸಿರುವನು. ನಾರದಸ್ಮೃತಿಯಲ್ಲಿ ಇದಕ್ಕೂ ಹತ್ತಿರವಾದ ಇನ್ನೊಂದು ಪದವುಂಟು: ವಿಕ್ರೀಯಾಸಂಪ್ರದಾನ, ಎಂದರೆ ಮಾರಿ ಆಮೇಲೆ ವಸ್ತುವನ್ನು ಒಪ್ಪಿಸದೆ ಇರುವುದು. ನಾವು ಇದನ್ನೆಲ್ಲ ಹೇಳಲು ಹುಡುಗನು, "ಮಾವ, ಇದು ಕಳ್ಳಮಾಲಲ್ಲ, ಸೆಬಿಯವರೇ ಒಪ್ಪಿರುವ ವ್ಯವಹಾರ" ಎಂದು ಸ್ವಲ್ಪ ನೊಂದುಕೊಂಡನು. ಅವನ ಮಾತು ನಿಜವೇ. ಈ ಎರಡು ಪದಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಈ ಕಸಬು ಹೊಸದೂ ಅಲ್ಲ. ಹಾಲೆಂಡಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು 1602ರಲ್ಲಿ ಹುಟ್ಟಿತು. ಏಳೇ ವರ್ಷಗಳಲ್ಲಿ, 1609ರಲ್ಲಿ, ಐಸಾಕ್ ಲ ಮೇರ್ ಎಂಬ ವರ್ತಕನು ಜೊತೆಗಾರರನ್ನು ಕಟ್ಟಿಕೊಂಡು ಆ ಕಂಪೆನಿಯ ಷೇರುಗಳನ್ನು, ತಮ್ಮಲ್ಲಿಲ್ಲದುವನ್ನೇ, ಮಾರತೊಡಗಿದನು. ಮರುವರ್ಷವೇ ಅಲ್ಲಿಯ ಸರಕಾರವು ಅದನ್ನು ನಿಷೇಧಿಸಿತು. ಅಂದಿನಿಂದ ಇಂದಿನವರೆಗೆ ಪೇಟೆ ಕುಸಿದಾಗಲೆಲ್ಲ ಸರಕಾರಗಳು ಮೊದಲು ಕೈಹಾಕುವುದು ಇವರ ಮೇಲೆಯೇ. ಅಮೆರಿಕದವರು 2008ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಷೇರುಗಳಿಗೆ ಇದನ್ನು ಕೆಲವು ವಾರ ನಿಲ್ಲಿಸಿದರು. ದಕ್ಷಿಣ ಕೊರಿಯದವರು 2023ರ ನವೆಂಬರಿನಿಂದ 2025ರ ಮಾರ್ಚಿಯವರೆಗೆ ನಿಲ್ಲಿಸಿದ್ದರು. ನಮ್ಮಲ್ಲಿಯೂ 2001ರ ಮಾರ್ಚಿಯಲ್ಲಿ ಪೇಟೆಯು ಕುಸಿದಾಗ ಸೆಬಿಯು ಇದನ್ನು ತಡೆಯಿತು. ಅದೇ ವರ್ಷ ಜುಲೈಯಲ್ಲಿ, ಮುಂಬಯಿಯ ಪೇಟೆಯಲ್ಲಿ ಬಹುಕಾಲದಿಂದ ನಡೆದುಬಂದಿದ್ದ 'ಬದಲಾ' ಪದ್ಧತಿಯೂ ಮುಗಿಯಿತು. ಕರಡಿಯ ಹಾವಳಿಯೆಂದು ಬಯ್ಯುವವರು ಇರುವಂತೆಯೇ, ಉಬ್ಬಿದ ಬೆಲೆಯನ್ನು ಉಬ್ಬಿದೆಯೆಂದು ಹೇಳುವವನು ಅವನೊಬ್ಬನೇ ಎನ್ನುವವರೂ ಇರುವರು. ನಮಗೆ ಎರಡನೆಯವರ ಮಾತಿನಲ್ಲಿ ಸತ್ಯಾಂಶವಿದೆಯೆಂದೇ ತೋರುವುದು. ಆದರೆ ಅದು ದೊಡ್ಡ ಕರಡಿಗಳ ಮಾತು. ನಮ್ಮ ಹುಡುಗನು ಮರಿಯೂ ಅಲ್ಲ.

ಈಗ ನಮ್ಮ ದೇಶದ ಕಟ್ಟಳೆಯೇನೆಂದರೆ: ಎರವಲು ತಂದು ಮಾರುವುದಕ್ಕೆ 2008ರ ಏಪ್ರಿಲಿನಿಂದ ಷೇರುಪೇಟೆಯಲ್ಲಿಯೇ ಒಂದು ಏರ್ಪಾಡುಂಟು. ಷೇರುಗಳನ್ನು ಬಹುಕಾಲ ಇಟ್ಟುಕೊಂಡಿರುವವರು ಬಾಡಿಗೆ ಪಡೆದು ಕೊಡುವರು. ಬೇಕಾದವರು ಅವಧಿಗೆ ತೆಗೆದುಕೊಳ್ಳುವರು. ಇದು ಕ್ರಮವಾದ ಹಾದಿ. ಆದರೆ ಅಲ್ಲಿ ಎರವಲು ದೊರೆಯುವ ಷೇರುಗಳು ಕಡಿಮೆ, ಬಾಡಿಗೆ ಬೇರೆ. ಮೊಬೈಲಿನ ದಲ್ಲಾಳಿಗಳಲ್ಲಿ ಹಲವರು ಸಾಮಾನ್ಯ ಗೃಹಸ್ಥನಿಗೆ ಆ ಬಾಗಿಲನ್ನು ತೆರೆದೇ ಇರುವುದಿಲ್ಲ. ಉಳಿದ ಹಾದಿಯು ದಿನದೊಳಗಿನ ವ್ಯಾಪಾರ. ಬೆಳಿಗ್ಗೆ 9-15ಕ್ಕೆ ಪೇಟೆ ತೆರೆದ ಮೇಲೆ ಇಲ್ಲದುದನ್ನು ಮಾರಿ, 3-30ಕ್ಕೆ ಮುಚ್ಚುವುದರೊಳಗೆ ಕೊಂಡುಬಿಟ್ಟರೆ, ಸಂಜೆಯ ಲೆಕ್ಕದಲ್ಲಿ ಮಾರಿದ್ದೂ ಕೊಂಡದ್ದೂ ಸರಿಹೋಗಿ ಒಪ್ಪಿಸಬೇಕಾದುದು ಸೊನ್ನೆಯಾಗುವುದು. ಎರವಲಿನ ಪ್ರಶ್ನೆಯೇ ಏಳುವುದಿಲ್ಲ. ಗಿರಾಕಿಯು ಮರೆತರೆ ದಲ್ಲಾಳಿಯೇ ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಅವನ ಪರವಾಗಿ ಕೊಂಡುಬಿಡುವನು. ಹಗಲು ಹೊತ್ತಿನ ಅಸ್ವಾಮಿವಿಕ್ರಯಕ್ಕೆ ಸಂಜೆಯವರೆಗೆ ಕ್ಷಮೆಯುಂಟು ಎಂದು ನಾವು ಇದನ್ನು ಅರ್ಥಮಾಡಿಕೊಂಡೆವು. ಹುಡುಗನು ನಕ್ಕು ಒಪ್ಪಿಕೊಂಡನು.

ಇನ್ನು ಆ ಎಂಟು ಕಾಗದಗಳು. ನಮ್ಮ ಮನೆಯವರು ಕಾಫಿಯನ್ನು ಎರಡನೆಯ ಸಲ ಬಿಸಿಮಾಡಿ ತಂದಿಟ್ಟರು. ನಾವು ಕನ್ನಡಕವನ್ನು ಹಾಕಿಕೊಂಡು ಕುಳಿತೆವು. ಮೊದಲನೆಯದರಲ್ಲಿಯೇ ನಮಗೆ ಒಂದು ವಿನೋದ ಕಾದಿತ್ತು. ಆರ್ಡರು ತಿರಸ್ಕೃತವಾದುದಕ್ಕೆ ಕಾರಣವೆಂದು ಇಂಗ್ಲಿಷಿನಲ್ಲಿ 'ಆರ್.ಎಂ.ಎಸ್.' ಎಂಬ ಮೂರಕ್ಷರಗಳೂ ಅದರ ಮುಂದೆ ಒಂದು ಅಂಕಿಯೂ ಇದ್ದುವು. ನಮ್ಮ ಕಾಲದವರಿಗೆ ಆರ್.ಎಂ.ಎಸ್. ಎಂದರೆ ರೈಲಿನಲ್ಲಿ ಅಂಚೆಯನ್ನು ವಿಂಗಡಿಸುವ ಇಲಾಖೆ. ರೈಲ್ವೆ ಅಂಚೆಯವರು ಈ ಹುಡುಗನ ಷೇರನ್ನು ಏಕೆ ತಡೆದರೆಂದು ನಾವು ಕ್ಷಣಕಾಲ ನಿಜವಾಗಿಯೂ ಯೋಚಿಸಿದೆವು. ಅದು ದಲ್ಲಾಳಿಯ ಕಚೇರಿಯಲ್ಲಿ ಅಪಾಯವನ್ನು ಅಳೆಯುವ ಯಂತ್ರದ ಹೆಸರಂತೆ. ಹುಡುಗನಿಗೂ ಅದು ಕೇಳಿ ತಿಳಿದದ್ದು.

ಈ ಒಂದರಲ್ಲಿ ಅವನು 'ಡೆಲಿವರಿ' ಎಂಬ ಗುಂಡಿಯನ್ನು ಒತ್ತಿ ಮಾರಿದ್ದನು. ಡಿಮ್ಯಾಟ್ ಖಾತೆಯಲ್ಲಿ ಷೇರು ಇದ್ದವನಿಗೆ ಮಾತ್ರ ಆ ಗುಂಡಿ. ಇಲ್ಲದವನು 'ಇಂಟ್ರಾಡೇ' ಎಂಬುದನ್ನು ಒತ್ತಬೇಕಾಗಿತ್ತು. ಇದು ನಮ್ಮ ಹುಡುಗನದೇ ಪ್ರಮಾದ; ಆ ಕಾಗದವನ್ನು ತೆಗೆದು ಪಕ್ಕಕ್ಕಿಟ್ಟೆವು. ಇನ್ನೊಂದರಲ್ಲಿ ಆರಿಸಿದ ಷೇರು, ಮಾಡಿದ ಪ್ರತಿಯೊಂದು ವ್ಯಾಪಾರಕ್ಕೂ ವಸ್ತುವನ್ನು ಒಪ್ಪಿಸಲೇಬೇಕೆಂಬ ಪಂಗಡಕ್ಕೆ ಸೇರಿದ್ದು. ಅಲ್ಲಿ ಸಂಜೆಗೆ ಸರಿಹೊಂದಿಸುವ ಸೌಲಭ್ಯವೇ ಇಲ್ಲ, ಆದುದರಿಂದ ಇಲ್ಲದುದನ್ನು ಮಾರಲು ಬರುವುದಿಲ್ಲ. ಮೂರನೆಯದರಲ್ಲಿ ಷೇರುಪೇಟೆಯವರು ಬೆಲೆಯ ಏರಿಳಿತವನ್ನು ನೋಡಿ ವಿಶೇಷ ನಿಗಾ ಇಟ್ಟಿರುವ ಪಟ್ಟಿಯಲ್ಲಿದ್ದ ಷೇರು. ನಾಲ್ಕನೆಯದರಲ್ಲಿ ಮುಂಗಡ ಹಣ ಸಾಲದೆ ಬಂದಿತ್ತು. ಹಿಂದೆ ದಲ್ಲಾಳಿಗಳು ಒಂದು ರೂಪಾಯಿ ಇಟ್ಟವನಿಗೆ ಹತ್ತಿಪ್ಪತ್ತು ರೂಪಾಯಿಯ ವ್ಯಾಪಾರ ಮಾಡಲು ಬಿಡುತ್ತಿದ್ದರಂತೆ. ಸೆಬಿಯು ಅದನ್ನು ಹಂತ ಹಂತವಾಗಿ ಬಿಗಿಮಾಡಿ, 2021ರ ಸೆಪ್ಟೆಂಬರ್ 1ರಿಂದ ಪೂರ್ತಿ ಮುಂಗಡವನ್ನು ಕಡ್ಡಾಯಗೊಳಿಸಿದ ಮೇಲೆ, ಷೇರುಗಳಲ್ಲಿ ಹೆಚ್ಚೆಂದರೆ ಐದರಷ್ಟು. ಹುಡುಗನ ಖಾತೆಯಲ್ಲಿ 140 ರೂಪಾಯಿ ಕಡಮೆಯಿದ್ದುದರಿಂದ ಯಂತ್ರವು ಒಪ್ಪಲಿಲ್ಲ. ಐದನೆಯದರಲ್ಲಿ ಇಷ್ಟು ಬೆಲೆಗೆ ಕಡಮೆಯಾಗದಂತೆ ಮಾರಬೇಕೆಂದು ಮಿತಿ ಹಾಕಿದ್ದನು. ದಿನವಿಡೀ ಆ ಬೆಲೆಯು ಬರಲೇ ಇಲ್ಲ. ಆರನೆಯದು ಮಧ್ಯಾಹ್ನ ಮೂರು ಗಂಟೆ ಮೀರಿದ ಮೇಲೆ, ದಲ್ಲಾಳಿಯು ಹೊಸ ಇಂಟ್ರಾಡೇ ಆರ್ಡರುಗಳನ್ನು ನಿಲ್ಲಿಸಿದ ತರುವಾಯ ಕೊಟ್ಟದ್ದು.

ಉಳಿದ ಎರಡರ ಮೇಲೆ ಅವನ ಕೋಪ ಬಹಳ. "ಇದು ಮೋಸವಲ್ಲದೆ ಮತ್ತೇನು ಮಾವ? ಬೆಲೆ 160 ಎಂದು ಅವರ ಆ್ಯಪಿನಲ್ಲೇ ತೋರಿಸುತ್ತಿದೆ. ನಾನೂ 160ಕ್ಕೇ ಮಾರು ಅಂತ ಹೇಳಿದ್ದೇನೆ. ಒಂದು ಗಂಟೆ ಕಾದರೂ ಒಂದು ಷೇರೂ ಹೋಗಲಿಲ್ಲ!" ಎಂದನು. ಹಿಂದಿನ ದಿನ ಆ ಷೇರಿನ ಬೆಲೆ ಎಷ್ಟಿದ್ದಿತೆಂದು ಕೇಳಿದೆವು. 200. ರಾತ್ರಿ ಆ ಕಂಪೆನಿಯ ವಿಷಯವಾಗಿ ಕೆಟ್ಟ ಸುದ್ದಿ ಬಂದಿತ್ತು. ಷೇರುಗಳ ಬೆಲೆಯು ಒಂದೇ ದಿನದಲ್ಲಿ ಇಷ್ಟಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಎಂದು ಪೇಟೆಯವರು ಹಾಕಿರುವ ಕಟ್ಟಿಗೆ ಸರ್ಕ್ಯೂಟ್ ಎಂದು ಹೆಸರು. ಷೇರಿಗೆ ತಕ್ಕಂತೆ ನೂರಕ್ಕೆ 5, 10, 20 ಹೀಗೆ ಇರುವುದು. ಈ ಷೇರಿಗೆ 20. ಬೆಳಿಗ್ಗೆ ಪೇಟೆ ತೆರೆದೊಡನೆ ಇದ್ದವರೆಲ್ಲ ಮಾರಲು ನಿಂತುದರಿಂದ ಬೆಲೆಯು ಒಮ್ಮೆಗೇ ಕೆಳಗಿನ ಕಟ್ಟಿಗೆ, ಎಂದರೆ 160ಕ್ಕೆ ಬಿದ್ದು ಅಲ್ಲಿಯೇ ನಿಂತಿತ್ತು.

"ಆಗ ಕೊಳ್ಳುವವರು ಎಷ್ಟು ಮಂದಿ ಇದ್ದರು?" ಎಂದು ಕೇಳಿದೆವು.

ಹುಡುಗನು ಕಾಗದವನ್ನು ನೋಡಿ, "ಸೊನ್ನೆ" ಎಂದನು.

ಮೂವತ್ತೈದು ವರ್ಷ ಕಾರಕಪ್ರಕರಣವನ್ನು ಪಾಠ ಹೇಳಿದವರು ಇಂತಹ ಸಂದರ್ಭವನ್ನು ಬಿಡಲಾಗುವುದೇ? ಕೊಡುವ ಕ್ರಿಯೆಗೆ ಕರ್ತೃವೂ ಕರ್ಮವೂ ಇದ್ದರೆ ಸಾಲದು, ಯಾರಿಗೆ ಎಂಬ ಸಂಪ್ರದಾನವೂ ಬೇಕೆಂದೂ, ಅವನ ವಾಕ್ಯದಲ್ಲಿ ಚತುರ್ಥೀ ವಿಭಕ್ತಿಯೇ ಇಲ್ಲವೆಂದೂ ಹೇಳಿದೆವು. ತೋರುತ್ತಿದ್ದ 160 ಎಂಬುದು ಕಡೆಯ ವ್ಯಾಪಾರವು ನಡೆದ ಬೆಲೆ. ಮುಂದಿನದು ನಡೆಯುವುದೆಂಬ ಭರವಸೆ ಅದರಲ್ಲಿಲ್ಲ. ಜೊತೆಗೆ ಪೇಟೆಯ ಯಂತ್ರದಲ್ಲಿ ಒಂದೇ ಬೆಲೆಗೆ ಮಾರುವವರು ಹಲವರಿದ್ದರೆ ಮೊದಲು ಬಂದವನು ಮೊದಲು. ನಿಜವಾಗಿ ಷೇರು ಇದ್ದು, ಮುಳುಗುತ್ತಿರುವ ದೋಣಿಯಿಂದ ಇಳಿಯಲು ತವಕಿಸುವವರು ಲಕ್ಷಗಟ್ಟಲೆ ಷೇರುಗಳೊಡನೆ 9-15ಕ್ಕೇ ಸಾಲಿನಲ್ಲಿದ್ದರು. ದೋಣಿಯಲ್ಲೇ ಇಲ್ಲದ ನಮ್ಮ ಹುಡುಗನು 9-17ಕ್ಕೆ ಹೋಗಿ ಅವರ ಹಿಂದೆ ನಿಂತನು. ಅವನಿಗೆ ಮುಂಚೆ ಅವರಿಗೆ ದಾರಿ ಸಿಕ್ಕುವುದೇ ನ್ಯಾಯವಲ್ಲವೆ? ಬೇಸತ್ತು ಹತ್ತು ಗಂಟೆಯ ಹೊತ್ತಿಗೆ ಆರ್ಡರನ್ನು ಹಿಂದಕ್ಕೆ ತೆಗೆದುಕೊಂಡನಂತೆ. ಮಧ್ಯಾಹ್ನ ಕೊಳ್ಳುವವರು ಬಂದು ಕಟ್ಟು ಸಡಿಲಿ, ಆ ಷೇರು 178ಕ್ಕೆ ಏರಿತ್ತು. ಇದನ್ನು ಅವನು ಹೇಳಲಿಲ್ಲ. ಕಾಗದದ ಮೂಲೆಯಲ್ಲಿ ಅಚ್ಚಾಗಿದ್ದಿತು. ಎಂಟನೆಯ ಕಾಗದವೂ ಬೇರೊಂದು ಷೇರಿನ ಇದೇ ಕಥೆ.

ಎಂಟು ಮುಗಿದುವೆಂದು ಕಟ್ಟನ್ನು ಕಟ್ಟಹೋದಾಗ ಒಂಬತ್ತನೆಯ ಕಾಗದವೊಂದು ಅಡಿಯಲ್ಲಿ ಸಿಕ್ಕಿತು. ಹುಡುಗನು, "ಅದು ಬೇಡ ಮಾವ, ಅದಕ್ಕೂ ದೂರಿಗೂ ಸಂಬಂಧವಿಲ್ಲ" ಎಂದು ಕೈಚಾಚಿದನು. ಉಪಾಧ್ಯಾಯರ ಕೈಯಿಂದ ಕಾಗದವನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ. ಅದು ನಡೆದ ಆರ್ಡರು. ಒಂದು ಚಿಕ್ಕ ಕಂಪೆನಿಯ 500 ಷೇರುಗಳನ್ನು ಅವನು 325 ರೂಪಾಯಿಯಂತೆ ಮಾರಿದ್ದನು, ಒಟ್ಟು 1,62,500. ಹಿಂದಿನ ದಿನ ಅದು 300 ಇದ್ದಿತು. ಒಂದು ಗಂಟೆಯಲ್ಲಿ 25 ರೂಪಾಯಿ ಏರಿದ್ದು ಇಳಿಯಲೇಬೇಕೆಂದು ಅವನ ಎಣಿಕೆ. ಕಟ್ಟಿದ ಮುಂಗಡ ಐದನೆಯ ಒಂದು ಪಾಲು, 32,500. ಆರ್ಡರು ಕಣ್ಣು ಮುಚ್ಚಿ ತೆರೆಯುವುದರೊಳಗೆ ನಡೆಯಿತು. ದೂರಲು ಏನೂ ಇರಲಿಲ್ಲ.

ಮಧ್ಯಾಹ್ನ ಆ ಕಂಪೆನಿಗೆ ದೊಡ್ಡ ಗುತ್ತಿಗೆಯೊಂದು ದೊರೆತ ಸುದ್ದಿ ಬಂದಿತು. ಷೇರು ಮೇಲಿನ ಕಟ್ಟಿಗೆ, 360ಕ್ಕೆ, ಏರಿ ನಿಂತುಬಿಟ್ಟಿತು. ಕೆಳಗಿನ ಕಟ್ಟಿನಲ್ಲಿ ಕೊಳ್ಳುವವರಿಲ್ಲದಂತೆಯೇ ಮೇಲಿನ ಕಟ್ಟಿನಲ್ಲಿ ಮಾರುವವರಿರುವುದಿಲ್ಲ. ಹುಡುಗನು ಕೊಳ್ಳಲು ಆರ್ಡರು ಕೊಟ್ಟನು, ಸಾಲು. ಸಂಜೆಗೆ ಮುಂಚೆ ದಲ್ಲಾಳಿಯ ಯಂತ್ರವೂ ಕೊಳ್ಳಹೋಯಿತು, ಅದಕ್ಕೂ ಸಿಕ್ಕಲಿಲ್ಲ. 3-30 ಹೊಡೆಯಿತು. ಸಂಜೆಯವರೆಗಿನ ಕ್ಷಮೆ ಮುಗಿಯಿತು. ಈಗ ಅವನು 500 ಷೇರುಗಳನ್ನು ಮಾರಿರುವವನು, ಒಪ್ಪಿಸಬೇಕಾದವನು, ಒಂದೂ ಇಲ್ಲದವನು. ನಾರದನ ಎರಡನೆಯ ಪದಕ್ಕೆ ಬಂದೆವು. 2023ರ ಜನವರಿ 27ರಿಂದ ನಮ್ಮ ಪೇಟೆಯ ಎಲ್ಲ ಷೇರುಗಳ ವ್ಯಾಪಾರವೂ ಮರುದಿನವೇ ತೀರಬೇಕು. ಮರುದಿನ ಬೆಳಿಗ್ಗೆ ಕೊಂಡರಾಯಿತೆಂದರೆ, ಹಾಗೆ ಕೊಂಡ ಷೇರು ಅದರ ಮರುದಿನ ಕೈಸೇರುವುದು. ಕೊಡಬೇಕಾದ ಹೊತ್ತು ಅಷ್ಟರಲ್ಲಿ ಮೀರಿರುವುದು. ಆದುದರಿಂದ ಪೇಟೆಯವರು ತಪ್ಪಿದವನ ಪರವಾಗಿ ಹರಾಜಿನಲ್ಲಿ ಕೊಂಡು, ಕೊಂಡವನಿಗೆ ಒಪ್ಪಿಸುವರು. ಹರಾಜಿನ ಬೆಲೆಯು ಹಿಂದಿನ ದಿನದ ಬೆಲೆಗಿಂತ ನೂರಕ್ಕೆ 20ರವರೆಗೆ ಮೇಲಕ್ಕೆ ಹೋಗಬಹುದು. ಅಲ್ಲಿಯೂ ಷೇರು ಸಿಕ್ಕದಿದ್ದರೆ, ಮಾರಿದ ದಿನದಿಂದ ಹರಾಜಿನ ದಿನದವರೆಗಿನ ಅತ್ಯಧಿಕ ಬೆಲೆ, ಇಲ್ಲವೆ ಹರಾಜಿನ ದಿನದ ಮುಕ್ತಾಯದ ಬೆಲೆಗೆ ನೂರಕ್ಕೆ 20 ಸೇರಿಸಿದ್ದು, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಣವಾಗಿಯೇ ವಸೂಲು ಮಾಡುವರು. ನಮ್ಮ ಹುಡುಗನಿಗೆ ಹರಾಜಿನಲ್ಲಿ 398ರಂತೆ ಆಯಿತು. 1,99,000ಕ್ಕೆ ಕೊಂಡದ್ದು, 1,62,500ಕ್ಕೆ ಮಾರಿದ್ದು, ನಷ್ಟ 36,500. ದಂಡವೂ ತೆರಿಗೆಗಳೂ ಬೇರೆ. ಕಟ್ಟಿದ ಮುಂಗಡಕ್ಕಿಂತ ನಷ್ಟವೇ 4,000 ಹೆಚ್ಚು. ಮಾಳಿಗೆಯಿಲ್ಲದ ಏಣಿಯೆಂದರೆ ಇದೇ ಇರಬೇಕು.

ಲೆಕ್ಕದ ಪುಸ್ತಕಗಳನ್ನು ತಿದ್ದುವಾಗ ತಾರೀಖಿನಂತೆ ಜೋಡಿಸುವುದು ನಮ್ಮ ರೂಢಿ. ಒಂಬತ್ತು ಕಾಗದಗಳನ್ನೂ ಹಾಗೆ ಜೋಡಿಸಿದೆವು. ಅಡಿಯಲ್ಲಿದ್ದ ಒಂಬತ್ತನೆಯದು ಎಲ್ಲಕ್ಕಿಂತ ಮೊದಲಿನದಾಗಿ ಮೇಲೆ ಬಂದು ಕುಳಿತಿತು. ನಡೆಯದೆ ಹೋದ ಎಂಟೂ ಆ ಹರಾಜಿನ ಆಚೆಯ ಹದಿನೈದು ದಿನಗಳವು. ಒಂದಕ್ಕಿಂತ ಒಂದರಲ್ಲಿ ಷೇರುಗಳ ಸಂಖ್ಯೆ ಹೆಚ್ಚು. ನಾವು ಏನೂ ಕೇಳಲಿಲ್ಲ. ಹುಡುಗನೇ, "ಹೋದದ್ದನ್ನು ವಾಪಸು ತರಬೇಕಾಗಿತ್ತು ಮಾವ" ಎಂದನು. ಸ್ವಲ್ಪ ಹೊತ್ತಿನ ಮೇಲೆ, "ಅದು ಅಮ್ಮನ ಹಣ" ಎಂದನು.

ನಮ್ಮ ತಂಗಿಯು ಹತ್ತು ವರ್ಷಗಳಿಂದ ಒಂಟಿ. ಬ್ಯಾಂಕಿನಲ್ಲಿದ್ದ ಅವಳ ಮೂರು ಲಕ್ಷದ ಠೇವಣಿಯ ಅವಧಿಯು ಮುಗಿದಾಗ, ಎರಡು ಕಣ್ಣಿಗೂ ಪೊರೆ ಬಂದಿರುವುದರಿಂದ ತಾನು ಬ್ಯಾಂಕಿಗೆ ಹೋಗಲಾರೆನೆಂದು, ಮತ್ತೆ ಠೇವಣಿಯಿಡುವಂತೆ ಮಗನ ಖಾತೆಗೆ ಹಾಕಿಸಿದ್ದಳು. ಶಸ್ತ್ರಚಿಕಿತ್ಸೆಗೆಂದು ಅದರಲ್ಲಿ ಒಂದು ಭಾಗವನ್ನು ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಹತ್ತು ದಿನ ದುಡಿಸಿ ಆಮೇಲೆ ಠೇವಣಿಯಿಟ್ಟರಾಯಿತೆಂದು ಇವನು ಅದನ್ನು ದಲ್ಲಾಳಿಯ ಖಾತೆಗೆ ತಿರುಗಿಸಿದ್ದನು. ಈಗ ಉಳಿದಿರುವುದು 2,61,000 ಚಿಲ್ಲರೆ. ಬಂದ ಕಾಗದಗಳನ್ನು ಓದಲು ಅವಳಿಗೆ ಕಣ್ಣು ಕಾಣದು, ಓದಿಹೇಳಬೇಕಾದವನು ಇವನೇ.

ಜೊತೆಯ ಕೆಲಸಗಾರರೆಲ್ಲ ಹೀಗೆಯೇ ಸಂಪಾದಿಸುತ್ತಿರುವರೆಂದು ಅವನು ಹೇಳಿದನು. ಸೆಬಿಯವರೇ 2024ರ ಜುಲೈಯಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಷೇರುಗಳಲ್ಲಿ ದಿನದೊಳಗಿನ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಮಂದಿ ನಷ್ಟ ಹೊಂದಿದರು. ಮೂವತ್ತು ವರ್ಷದೊಳಗಿನವರಲ್ಲಿ ನೂರಕ್ಕೆ 76. ಜೊತೆಯವರಲ್ಲಿ ಆ ಏಳು ಮಂದಿಯೂ ಇರಲೇಬೇಕಲ್ಲ, ಅವರು ಕಾಫಿಯ ಹೊತ್ತಿನಲ್ಲಿ ಮಾತನಾಡುವುದಿಲ್ಲ ಎಂದೆವು. ಅವನೂ ಇಷ್ಟು ದಿನ ಮಾತನಾಡಿರಲಿಲ್ಲವಷ್ಟೆ.

ದೂರಿನ ಪತ್ರವನ್ನು ಬರೆಯಲೊಪ್ಪಿದೆವು. ಆದರೆ ಅದಕ್ಕೆ ಮುಂಚೆ ತಾಯಿಗೆ ತಿಳಿಸಿ ಬರತಕ್ಕದ್ದೆಂದೆವು. ನಮ್ಮ ತಂಗಿಯ ಮನೆ ಎರಡು ಬೀದಿಯಾಚೆ. ನಾವೂ ಜೊತೆಗೆ ಹೋದೆವು, ಬಾಯಿ ಮಾತ್ರ ತೆರೆಯಲಿಲ್ಲ. ಹುಡುಗನು ಷಾರ್ಟ್ ಸೇಲ್, ಸರ್ಕ್ಯೂಟ್, ಹರಾಜು ಎಲ್ಲವನ್ನೂ ವಿವರವಾಗಿ, ನಮಗೆ ಹೇಳಿದುದಕ್ಕಿಂತ ಚೆನ್ನಾಗಿಯೇ ಹೇಳಿದನು. ಅವಳು ಹೂಬತ್ತಿಯನ್ನು ಹೊಸೆಯುತ್ತ ಕೇಳುತ್ತಿದ್ದು, ಕೊನೆಗೆ, "ಅದೆಲ್ಲ ನನಗೆ ತಿಳಿಯೋದಿಲ್ಲಪ್ಪ. ನೀನು ಮಾರಿದೆ ಅಂತೀಯಲ್ಲ, ಯಾರದ್ದನ್ನ ಮಾರಿದೆ?" ಎಂದಳು. ಷೇರನ್ನು ಕುರಿತು ಕೇಳಿದಳೋ ಮತ್ತೊಂದನ್ನು ಕುರಿತು ಕೇಳಿದಳೋ ನಮಗೆ ಇಂದಿಗೂ ಗೊತ್ತಿಲ್ಲ. ಹುಡುಗನು ತಲೆಯೆತ್ತಲಿಲ್ಲ. ಆಮೇಲೆ ಅವಳು ನಮ್ಮ ಕಡೆ ತಿರುಗಿ, "ಅಣ್ಣ, ಊಟ ಮಾಡಿಕೊಂಡೇ ಹೋಗು, ಹುಳಿ ಆಗಿದೆ" ಎಂದಳು.

ಪತ್ರವನ್ನು ಆ ಸಾಯಂಕಾಲ ಬರೆದೆವು. ಎಂಟು ದೂರುಗಳಲ್ಲಿ ಏಳೂವರೆ ಬಿದ್ದುಹೋಗಿದ್ದುವು. ಉಳಿದುದು ನಿಜವಾದ ದೂರು, ಅದನ್ನು ನಾವು ಬಿಡಲಿಲ್ಲ. ಆರ್ಡರನ್ನು ನಿರಾಕರಿಸುವುದು ದಲ್ಲಾಳಿಯ ಹಕ್ಕೂ ಕರ್ತವ್ಯವೂ ಆಗಿರಬಹುದು. ನಿರಾಕರಣೆಯ ಕಾರಣವನ್ನು ಮೂರಕ್ಷರದಲ್ಲಿ ಹೇಳುವುದು ಮಾತ್ರ ಯಾರ ಹಕ್ಕೂ ಅಲ್ಲ. ಬೆಂಗಳೂರಿನಲ್ಲಿ 1963ರಿಂದ 2014ರವರೆಗೆ ಷೇರುಪೇಟೆಯೊಂದಿದ್ದಾಗ, ಬೇಡವೆನ್ನುವ ದಲ್ಲಾಳಿಗೆ ಒಂದು ಮುಖವಿರುತ್ತಿದ್ದಿತು. ಏಕಯ್ಯಾ ಎಂದು ಕೇಳಬಹುದಾಗಿತ್ತು. ಯಾವ ಷೇರಿನಲ್ಲಿ ಇಂಟ್ರಾಡೇ ಇಲ್ಲವೆಂಬುದನ್ನು ಗುಂಡಿಯನ್ನು ಒತ್ತುವುದಕ್ಕೆ ಮುಂಚೆಯೇ ತಿಳಿಸಬೇಕು. ತಡೆದುದಕ್ಕೆ ಕಾರಣವನ್ನು ಗಿರಾಕಿಯ ಭಾಷೆಯಲ್ಲಿ ಪೂರ್ಣ ವಾಕ್ಯದಲ್ಲಿ ಬರೆಯಬೇಕು. ಮಾರಿದ ಷೇರು ಮೇಲಿನ ಕಟ್ಟನ್ನು ಸಮೀಪಿಸುತ್ತಿರುವಾಗಲೇ ಎಚ್ಚರಿಸಬೇಕು, ರಾತ್ರಿ ಒಂಬತ್ತಕ್ಕೆ ಹರಾಜಿನ ಸುದ್ದಿಯನ್ನು ಕಳುಹಿಸಿ ಪ್ರಯೋಜನವಿಲ್ಲ. ಇಷ್ಟೇ ಮೂರು ವಾಕ್ಯ. ಇಂತಹ ದೂರನ್ನು ಮೊದಲು ದಲ್ಲಾಳಿಗೇ ಕಳುಹಿಸಬೇಕು. ಅವನ ಉತ್ತರವು ತೃಪ್ತಿಕರವಲ್ಲದಿದ್ದರೆ ಸೆಬಿಯ 'ಸ್ಕೋರ್ಸ್' ಎಂಬ ದೂರು ವ್ಯವಸ್ಥೆಯಲ್ಲಿ ದಾಖಲಿಸಬಹುದು, ಅಲ್ಲಿ 21 ದಿನಗಳೊಳಗೆ ಉತ್ತರ ಕೊಡಬೇಕೆಂದು ನಿಯಮವಿದೆ. ದಲ್ಲಾಳಿಯಿಂದ ನಾಲ್ಕನೆಯ ದಿನ ಉತ್ತರ ಬಂದಿತು. ನಮ್ಮ ಸಲಹೆಗಾಗಿ ಕೃತಜ್ಞತೆಯನ್ನು ಸೂಚಿಸಿ, ಇಂಗ್ಲಿಷಿನಲ್ಲಿ. ಎರಡನೆಯ ಪತ್ರವನ್ನು ಸಿದ್ಧಪಡಿಸುತ್ತಿದ್ದೇವೆ.

ಉಳಿದ ಹಣವು ಬ್ಯಾಂಕಿಗೆ ಮರಳಿದೆ. ಈ ಸಲ ಠೇವಣಿಯ ರಸೀದಿ ತಾಯಿಯ ಹೆಸರಿನಲ್ಲಿ, ನಮ್ಮ ಮೇಜಿನಲ್ಲಿದೆ. ಹೋದುದನ್ನು ಹುಡುಗನು ತಿಂಗಳಿಗೆ 6,000ದಂತೆ ಸಂಬಳದಿಂದ ತುಂಬಿಕೊಡುವುದೆಂದು ಒಪ್ಪಿಕೊಂಡು, ಮೊದಲನೆಯ ಕಂತನ್ನು 2ನೆಯ ತಾರೀಖು ಕಳುಹಿಸಿರುವನು. ನಮ್ಮ ತಂಗಿಯ ಬಲಗಣ್ಣಿನ ಶಸ್ತ್ರಚಿಕಿತ್ಸೆ ಬರುವ ಗುರುವಾರ. ಎಡಗಣ್ಣಿನದು ಅದು ವಾಸಿಯಾದ ಮೇಲೆ.